ಬಡ್ತಿ ಕೊಟ್ಟ ಮಾಲೀಕರಿಗೆ ತೆರಿಗೆ ರಿಯಾಯಿತಿ ಉಂಟೆ?

ಪ್ರಶ್ನೆ: ನಮ್ಮದು ಪೀಣ್ಯದಲ್ಲಿ 90 ಜನ ಕೆಲಸ ಮಾಡುವ ಗಾರ್ಮೆಂಟ್ಸ್ ಕಂಪನಿ. ಹೆಲ್ಪರ್ ಆಗಿ ಬಂದ ಹೆಣ್ಣುಮಕ್ಕಳಿಗೆ ಕೆಲಸ ಕಲಿಸಿ ಟೈಲರ್, ಆಮೇಲೆ ಸೂಪರ್‌ವೈಸರ್ ಮಾಡಬೇಕೆಂಬುದು ನನ್ನ ಆಸೆ. ಕಡಿಮೆ ಸಂಬಳದವರಿಗೆ ತರಬೇತಿ ಕೊಟ್ಟು ಮೇಲಕ್ಕೆ ತರುವ ಮಾಲೀಕರಿಗೆ ಸರ್ಕಾರ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತದೆಂದು ಎಲ್ಲೋ ಓದಿದ ನೆನಪು. ಆಡಿಟರನ್ನು ಕೇಳಿದರೆ ‘ಇದೆ, ಆದ್ರೆ ನಿಮಗೆ ಬರಲ್ಲ’ ಅಂತಾರೆ. ಏನಿದರ ಕಥೆ? ಬೇರೆ ದೇಶಗಳಲ್ಲಾದರೂ ಇಂಥದ್ದು ಇದೆಯೇ?

ಉತ್ತರ: ನಿಮ್ಮ ಆಡಿಟರ್ ಹೇಳಿದ್ದು ಮುಕ್ಕಾಲು ಪಾಲು ಸರಿ. ಹೊಸಬರನ್ನು ಕೆಲಸಕ್ಕೆ ಸೇರಿಸಿಕೊಂಡರೆ ನಮ್ಮ ಆದಾಯ ತೆರಿಗೆ ಕಾನೂನಿನಲ್ಲಿ ರಿಯಾಯಿತಿ ಇದೆ. ಇರುವವರಿಗೇ ಕೆಲಸ ಕಲಿಸಿ, ಸಂಬಳ ಏರಿಸಿ, ಮೇಲಿನ ಹುದ್ದೆ ಕೊಟ್ಟರೆ ಅದಕ್ಕೆಂದು ಒಂದು ರೂಪಾಯಿಯೂ ಇಲ್ಲ. ಟಾಕೀಸಿನ ಬಾಗಿಲಲ್ಲಿ ನಿಂತವನಿಗೆ ಒಳಗೆ ಹೋದವರ ಲೆಕ್ಕ ಸಿಕ್ಕರೆ ಸಾಕು, ಗಾಂಧಿ ಕ್ಲಾಸಿನಲ್ಲಿ ಕೂತವರು ಯಾವತ್ತಾದರೂ ಬಾಲ್ಕನಿಗೆ ಹೋದರೇ ಎಂಬುದು ಅವನಿಗೆ ಬೇಕಿಲ್ಲ. ನಮ್ಮ ಕಾನೂನೂ ಅಲ್ಲೇ ನಿಂತಿದೆ. ಆದರೆ ‘ನಿಮಗೆ ಬರಲ್ಲ’ ಎಂಬ ಉಳಿದ ಕಾಲು ಪಾಲನ್ನು ನಾನು ಒಪ್ಪುವುದಿಲ್ಲ. ಲೆಕ್ಕಪತ್ರ ಸರಿಯಾಗಿಟ್ಟರೆ ನಿಮ್ಮಂಥವರಿಗೂ ಬಳಸುದಾರಿಯಲ್ಲಿ ಒಂದಿಷ್ಟು ದಕ್ಕುತ್ತದೆ. ಹೇಗೆಂದು ಮುಂದೆ ಹೇಳುತ್ತೇನೆ.

ನೀವು ಓದಿದ್ದು ಬಹುಶಃ ಸೆಕ್ಷನ್ 80ಜೆಜೆಎಎ ಬಗ್ಗೆ ಇರಬೇಕು. ಇದು 1998ರ ಹಣಕಾಸು ಕಾಯ್ದೆಯ ಮೂಲಕ ಬಂತು. ಆಗ ನೂರಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಿಗಷ್ಟೇ ಅನ್ವಯಿಸುತ್ತಿತ್ತು. 2016ರಲ್ಲಿ ಪೂರ್ತಿಯಾಗಿ ಹೊಸದಾಗಿ ಬರೆದು, ತೆರಿಗೆ ಆಡಿಟ್‌ಗೆ ಒಳಪಡುವ ಯಾವ ವ್ಯವಹಾರಕ್ಕಾದರೂ ತೆರೆದರು. ಸಾರಾಂಶ ಇಷ್ಟು: ಹಿಂದಿನ ವರ್ಷದ ಕೊನೆಯ ದಿನ ನಿಮ್ಮಲ್ಲಿದ್ದ ನೌಕರರ ಸಂಖ್ಯೆಗಿಂತ ಈ ವರ್ಷ ಸಂಖ್ಯೆ ಹೆಚ್ಚಾಗಿದ್ದರೆ, ಹಾಗೆ ಹೆಚ್ಚುವರಿಯಾಗಿ ಬಂದವರ ಸಂಬಳದ 30 ಪ್ರತಿಶತವನ್ನು ಲಾಭದಿಂದ ಮತ್ತೊಮ್ಮೆ ಕಳೆದುಕೊಳ್ಳಬಹುದು. ಸಂಬಳವನ್ನು ಖರ್ಚು ಎಂದು ಹೇಗೂ ಕಳೆದಿರುತ್ತೀರಿ, ಇದು ಅದರ ಮೇಲಿನದು. ಮೂರು ವರ್ಷ ಸಿಗುತ್ತದೆ. ಹೊಸಬರ ಸಂಬಳ ತಿಂಗಳಿಗೆ 25,000 ರೂಪಾಯಿ ಮೀರಿರಬಾರದು. ಅವರು ಪಿ.ಎಫ್. ಸದಸ್ಯರಾಗಿರಬೇಕು, ಸಂಬಳ ಬ್ಯಾಂಕಿನ ಮೂಲಕವೇ ಹೋಗಿರಬೇಕು. ವರ್ಷದಲ್ಲಿ ಕನಿಷ್ಠ 240 ದಿನ ಕೆಲಸದಲ್ಲಿರಬೇಕು, ನಿಮ್ಮಂಥ ಉಡುಪು ತಯಾರಕರಿಗೆ 150 ದಿನ ಸಾಕು. ತಡವಾಗಿ ಸೇರಿ ಮೊದಲ ವರ್ಷ ದಿನ ತುಂಬದಿದ್ದರೆ ಮುಂದಿನ ವರ್ಷದ ಲೆಕ್ಕಕ್ಕೆ ಹಿಡಿಯಬಹುದೆಂದು 2018ರಲ್ಲಿ ತಿದ್ದುಪಡಿಯಾಯಿತು. ಅದಕ್ಕೆ ಮೊದಲು 240 ದಿನದ ನಿಯಮವಿದ್ದ ಕಡೆ ಆಗಸ್ಟ್ ಎರಡನೇ ವಾರದಲ್ಲಿ ಸೇರಿದವರೆಲ್ಲ ಲೆಕ್ಕಕ್ಕೇ ಬರುತ್ತಿರಲಿಲ್ಲ. 1961ರ ಕಾಯ್ದೆಯ ಜಾಗದಲ್ಲಿ 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರು ಬದಲಾಗಿದೆ, ತಿರುಳು ಹಾಗೇ ಉಳಿದಿದೆ. ನಿಮ್ಮ ಆಡಿಟರ್ ಬಾಯಲ್ಲಿ ಇನ್ನೂ ಕೆಲವು ವರ್ಷ ಹಳೆಯ ನಂಬರೇ ಇರುತ್ತದೆ. ಹಾಗಾಗಿ ನಾನೂ ಅದನ್ನೇ ಬಳಸುತ್ತೇನೆ.

ಇದು ಕೈಗೆ ಬರುವಾಗ ಎಷ್ಟಾಗುತ್ತದೆ? ‘ಸಂಬಳದ 30 ಪರ್ಸೆಂಟ್ ಸರ್ಕಾರ ವಾಪಸ್ ಕೊಡ್ತದಂತೆ’ ಎಂದು ಒಬ್ಬ ಮಾಲೀಕರು ನನ್ನ ಹತ್ತಿರ ಹೆಮ್ಮೆಯಿಂದ ಹೇಳಿದ್ದುಂಟು. ಹಾಗಿಲ್ಲ. ತಿಂಗಳಿಗೆ 15,000 ರೂಪಾಯಿಯ ಮೇಲೆ ಒಬ್ಬರನ್ನು ಏಪ್ರಿಲ್ 1ರಂದು ಸೇರಿಸಿಕೊಂಡಿರೆನ್ನಿ. ವರ್ಷಕ್ಕೆ 1,80,000 ರೂಪಾಯಿ. ಅದರ 30 ಪ್ರತಿಶತ 54,000. ಇದು ತೆರಿಗೆಯಲ್ಲಿ ಕಡಿತವಲ್ಲ, ತೆರಿಗೆ ಹಾಕುವ ಆದಾಯದಲ್ಲಿ ಕಡಿತ. ನಿಮ್ಮ ಕಂಪನಿ 22 ಪ್ರತಿಶತದ ಹೊಸ ದರವನ್ನು ಆರಿಸಿಕೊಂಡಿದ್ದರೆ ಸರ್‌ಚಾರ್ಜ್, ಸೆಸ್ ಸೇರಿ 25.17 ಪ್ರತಿಶತ ಆಗುತ್ತದೆ. ಅಂದರೆ ಉಳಿಯುವುದು ವರ್ಷಕ್ಕೆ ಸುಮಾರು 13,590 ರೂಪಾಯಿ, ಮೂರು ವರ್ಷಕ್ಕೆ 40,770. ಅದೇ ಮೂರು ವರ್ಷದಲ್ಲಿ ನೀವು ಕೊಟ್ಟ ಸಂಬಳ 5,40,000. ರೂಪಾಯಿಗೆ ಏಳೂವರೆ ಪೈಸೆ ಬಿತ್ತು. ಸಿಕ್ಕರೆ ಬಿಡಬಾರದು, ನಿಜ. ಆದರೆ ಏಳೂವರೆ ಪೈಸೆಗಾಗಿ ಬೇಡದ ಕೆಲಸಕ್ಕೆ ಜನ ತೆಗೆದುಕೊಳ್ಳುವ ಮಾಲೀಕರನ್ನು ನಾನಂತೂ ನೋಡಿಲ್ಲ. ಲಾಭವೇ ಇಲ್ಲದ ವರ್ಷ ಅದೂ ಇಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮ ಲೈನಿನಲ್ಲಿ ಎಂಟು ವರ್ಷದಿಂದ ಕಾಲರ್ ಕೂರಿಸುತ್ತಿರುವ ಟೈಲರ್ ಇದ್ದಾರೆ, ಅವರನ್ನು ಸೂಪರ್‌ವೈಸರ್ ಮಾಡಿದಿರಿ, ಸಂಬಳ 16,000ದಿಂದ 22,000ಕ್ಕೆ ಹೋಯಿತು. 80ಜೆಜೆಎಎ ಲೆಕ್ಕದಲ್ಲಿ ಇದರ ಬೆಲೆ ಸೊನ್ನೆ. ಅವರು ಹೊಸಬರಲ್ಲ, ತಲೆ ಹೆಚ್ಚಾಗಿಲ್ಲ. ಆದರೆ ಅವರನ್ನು ಮೇಲಕ್ಕೆ ತಂದು ಖಾಲಿಯಾದ ಮೆಷಿನ್ನಿಗೆ ಒಬ್ಬ ಹೆಲ್ಪರನ್ನು ಏರಿಸಿ, ಹೆಲ್ಪರ್ ಜಾಗಕ್ಕೆ ಹೊಸ ಹುಡುಗಿಯನ್ನು 13,000 ರೂಪಾಯಿಗೆ ಸೇರಿಸಿಕೊಂಡಿರಿ, ನಿಮ್ಮ 90 ಜನ 91 ಆದರು ಎನ್ನಿ. ಆ ಹೊಸ ಹುಡುಗಿಯ ಸಂಬಳಕ್ಕೆ ರಿಯಾಯಿತಿ ಸಿಗುತ್ತದೆ: ಪೂರ್ತಿ ವರ್ಷಕ್ಕೆ ಲೆಕ್ಕ ಹಾಕಿದರೆ 46,800 ರೂಪಾಯಿ ಆದಾಯ ಕಡಿತ, ತೆರಿಗೆಯಲ್ಲಿ ಸುಮಾರು 11,780 ರೂಪಾಯಿ ಉಳಿತಾಯ, ಮೂರು ವರ್ಷ. ಅದೇ ಸೂಪರ್‌ವೈಸರನ್ನು ಪಕ್ಕದ ಕಂಪನಿಯಿಂದ 26,000ಕ್ಕೆ ಕರೆತಂದಿದ್ದರೆ? ಆಗಲೂ 91 ಜನವೇ, ಆದರೆ 25,000ದ ಗೆರೆ ದಾಟಿದ್ದರಿಂದ ಏನೂ ಇಲ್ಲ. ಒಳಗಿನವರನ್ನು ಮೇಲಕ್ಕೆ ತಂದು ಕೆಳಗಿನಿಂದ ತುಂಬಿಕೊಳ್ಳುವವರಿಗೆ ಕಾನೂನು ತಾನು ಅಂದುಕೊಳ್ಳದೆಯೇ ಒಂದು ಸಣ್ಣ ಬಹುಮಾನ ಕೊಡುತ್ತಿದೆ. ಆಡಿಟರಿಗೆ ಈ ಉದಾಹರಣೆ ತೋರಿಸಿ.

ಒಂದು ಷರತ್ತು ಮಾತ್ರ ಮರೆಯಬೇಡಿ, ಒಟ್ಟು ಸಂಖ್ಯೆ ಏರಲೇಬೇಕು. ಗಾರ್ಮೆಂಟ್ಸಿನಲ್ಲಿ ಹೊಸಬರು ಐದು ಜನ ಬಂದರೆ ಹಳಬರು ಐದು ಜನ ಬಿಟ್ಟಿರುತ್ತಾರೆ. ಊರ ಹಬ್ಬಕ್ಕೆಂದು ಹೋದವರು ವಾಪಸಾಗುವುದಿಲ್ಲ, ಎದುರಿನ ಕಂಪನಿಯಲ್ಲಿ ಐನೂರು ರೂಪಾಯಿ ಹೆಚ್ಚೆಂದು ಗೇಟು ದಾಟುತ್ತಾರೆ. ಐದು ಹೋಗಿ ಐದು ಬಂದರೆ ಕಾನೂನಿನ ಕಣ್ಣಿಗೆ ಏನೂ ನಡೆದಿಲ್ಲ. ಮೇಲೆ ಹೋಗುವ ದಾರಿ ಇದೆಯೆಂದು ಗೊತ್ತಿದ್ದರೆ ಜನ ನಿಲ್ಲುತ್ತಾರೆ, ಜನ ನಿಂತರೆ ಮಾತ್ರ ಈ ರಿಯಾಯಿತಿ ಸಿಗುತ್ತದೆ. ಹಾಗಾಗಿ ಬಡ್ತಿಗೂ ತೆರಿಗೆಗೂ ಕಾಗದದ ಮೇಲೆ ಸಂಬಂಧ ಇಲ್ಲದಿದ್ದರೂ ಹಾಜರಿ ಪುಸ್ತಕದಲ್ಲಿ ಇದೆ. ಆಡಿಟರ್ ಕಡೆಯಿಂದ ಫಾರಂ 10ಡಿಎ ವರದಿ ಗಡುವಿನೊಳಗೆ ಹೋಗಬೇಕು, ರಿಟರ್ನ್ ಕೂಡ ತಡವಾಗಬಾರದು. ತಡವಾದರೆ ಅಷ್ಟೂ ಹೋಯಿತು. ‘ನಿಮಗೆ ಬರಲ್ಲ’ ಎನ್ನುವ ಅರ್ಧ ಆಡಿಟರುಗಳ ನಿಜವಾದ ಕಾರಣ ಈ ಫಾರಮ್ಮಿನ ತಲೆನೋವೇ ಎಂದು ನನ್ನ ಅನುಮಾನ.

ಇನ್ನು ತರಬೇತಿ. ಇದಕ್ಕೆಂದೇ ಒಂದು ಸೆಕ್ಷನ್ ಇತ್ತು, 35ಸಿಸಿಡಿ. 2012ರಲ್ಲಿ ಬಂತು. ಸರ್ಕಾರ ಒಪ್ಪಿದ ಕೌಶಲ ತರಬೇತಿ ಯೋಜನೆಗೆ ಕಂಪನಿ 100 ರೂಪಾಯಿ ಖರ್ಚು ಮಾಡಿದರೆ 150 ರೂಪಾಯಿ ಖರ್ಚಾಯಿತೆಂದು ತೋರಿಸಬಹುದಿತ್ತು. ಕೇಳಲು ಚೆನ್ನಾಗಿದೆ. ಮದ್ಯ, ತಂಬಾಕಿನವರಿಗೆ ಇಲ್ಲ ಎಂದದ್ದು ಸರಿ. ಜಾಗ, ಕಟ್ಟಡದ ಖರ್ಚು ಸೇರುವುದಿಲ್ಲ ಎಂದದ್ದೂ ಸರಿ. ಆದರೆ 2013ರಲ್ಲಿ ಬಂದ ನಿಯಮಾವಳಿಯಲ್ಲಿ ಒಂದು ಸಾಲಿತ್ತು: ಈಗಾಗಲೇ ಕೆಲಸದಲ್ಲಿರುವವರಿಗೆ ಕೊಡುವ ತರಬೇತಿ, ಅವರು ಸೇರಿ ಆರು ತಿಂಗಳಾದ ಮೇಲೆ ಶುರುವಾದರೆ ಲೆಕ್ಕಕ್ಕಿಲ್ಲ. ನಿಮ್ಮ ಎಂಟು ವರ್ಷದ ಟೈಲರ್ ಅಲ್ಲೇ ಹೊರಗುಳಿದರು. ಯಾರಿಗೆ ತರಬೇತಿ ಕೊಟ್ಟರೆ ನಾಳೆಯೇ ಒಂದು ಲೈನನ್ನು ನಂಬಿ ಕೊಡಬಹುದೋ ಅವರನ್ನೇ ಬಿಟ್ಟು ಬರೆದ ನಿಯಮ ಇದು. ಸಾಲದ್ದಕ್ಕೆ, 2020ರ ಏಪ್ರಿಲ್‌ನಿಂದ 150 ಹೋಗಿ 100 ಆಯಿತು. ಸಾಮಾನ್ಯ ತರಬೇತಿ ಖರ್ಚನ್ನು ವ್ಯಾಪಾರದ ಖರ್ಚೆಂದು ಹೇಗೂ ಪೂರ್ತಿ ಕಳೆಯಬಹುದಾದ್ದರಿಂದ ಇದರಿಂದ ಹೆಚ್ಚಿನ ಪ್ರಯೋಜನವೇನೂ ಉಳಿಯಲಿಲ್ಲ. 22 ಪ್ರತಿಶತದ ದರ ಆರಿಸಿಕೊಂಡ ಕಂಪನಿಗಳಿಗಂತೂ 35ಸಿಸಿಡಿ ಮುಟ್ಟುವ ಹಾಗೂ ಇಲ್ಲ. 80ಜೆಜೆಎಎಯನ್ನು ಅವರಿಗೂ ಬಿಟ್ಟಿದ್ದಾರೆ.

ತೆರಿಗೆಯ ಆಚೆ ಎರಡು ಯೋಜನೆಗಳಿವೆ, ಬೇಗ ಹೇಳಿ ಮುಗಿಸುತ್ತೇನೆ. 2016ರಿಂದ ಇರುವ ರಾಷ್ಟ್ರೀಯ ಶಿಶಿಕ್ಷು ಪ್ರೋತ್ಸಾಹ ಯೋಜನೆಯಲ್ಲಿ ಅಪ್ರೆಂಟಿಸ್‌ಗೆ ಕೊಡುವ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರ ಭರಿಸುತ್ತದೆ. 30ಕ್ಕಿಂತ ಹೆಚ್ಚು ಜನರಿರುವ ನಿಮಗೆ ಅಪ್ರೆಂಟಿಸ್ ಇಟ್ಟುಕೊಳ್ಳುವುದು ಕಡ್ಡಾಯವೂ ಹೌದು, ಒಟ್ಟು ಸಿಬ್ಬಂದಿಯ 2.5ರಿಂದ 15 ಪ್ರತಿಶತದವರೆಗೆ. ಎರಡನೆಯದು, 2025ರ ಜುಲೈ 1ರಂದು ಸಂಪುಟ ಒಪ್ಪಿದ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ. 99,446 ಕೋಟಿ ರೂಪಾಯಿಯದು. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಹೆಚ್ಚುವರಿಯಾಗಿ ಸೇರಿಸಿಕೊಂಡು ಆರು ತಿಂಗಳು ಉಳಿಸಿಕೊಂಡವರಿಗಾಗಿ ಮಾಲೀಕರಿಗೆ ತಲಾ ತಿಂಗಳಿಗೆ 3,000 ರೂಪಾಯಿವರೆಗೆ ಎರಡು ವರ್ಷ, ಉತ್ಪಾದನಾ ಕ್ಷೇತ್ರಕ್ಕೆ ನಾಲ್ಕು ವರ್ಷ ಸಿಗುತ್ತದೆ. ಪಿ.ಎಫ್. ವೇತನ 10,000ದಿಂದ 20,000ದೊಳಗಿದ್ದರೆ 2,000. 50 ಅಥವಾ ಹೆಚ್ಚು ಜನರಿರುವ ಕಂಪನಿಯಾದ್ದರಿಂದ ನೀವು ಕನಿಷ್ಠ ಐದು ಜನರನ್ನು ಹೆಚ್ಚಿಸಬೇಕು. 80ಜೆಜೆಎಎಯ ಏಳೂವರೆ ಪೈಸೆಯ ಮುಂದೆ ಇದು ದೊಡ್ಡ ಮೊತ್ತ. ಲಾಭವಿರಲಿ ಬಿಡಲಿ ಬರುತ್ತದೆ. ಇಲ್ಲೂ ಅಷ್ಟೇ, ಹೊಸ ತಲೆಗೆ ಮಾತ್ರ.

   

ಬಡ್ತಿಗೆ ಕಾನೂನು ಯಾಕೆ ಏನೂ ಕೊಡುವುದಿಲ್ಲ? ಅಧಿಕಾರಿಗಳು ಬಡ್ತಿಯ ವಿರೋಧಿಗಳೆಂದಲ್ಲ. ತಲೆ ಎಣಿಸುವುದು ಸುಲಭ, ಬಡ್ತಿ ಎಣಿಸುವುದು ಕಷ್ಟ. ಹೆಲ್ಪರನ್ನು ‘ಅಸೋಸಿಯೇಟ್’ ಎಂದು, ಟೈಲರನ್ನು ‘ಸೀನಿಯರ್ ಎಕ್ಸಿಕ್ಯೂಟಿವ್’ ಎಂದು ಒಂದೇ ಸಂಜೆಯಲ್ಲಿ ಬದಲಾಯಿಸಬಹುದು. ಕೆಲಸ ಅದೇ, ಮೆಷಿನ್ ಅದೇ. ತರಬೇತಿಯದ್ದೂ ಅದೇ ಪಾಡು. ಖಾಲಿ ಹಾಲಿನಲ್ಲಿ ನಾಲ್ಕು ಕುರ್ಚಿ ಹಾಕಿ, ಬ್ಯಾನರ್ ಕಟ್ಟಿ ಫೋಟೋ ತೆಗೆದು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿ ಬಿಲ್ಲು ಮಾಡುವ ವಿದ್ಯೆ ನಮ್ಮಲ್ಲಿ ಯಾರಿಗೆ ಬಾರದು? ನಮಗೆ ಮಾತ್ರವಲ್ಲ. ಶಿಸ್ತಿಗೆ ಹೆಸರಾದ ಸಿಂಗಪುರ 2010ರ ಬಜೆಟ್‌ನಲ್ಲಿ ಒಂದು ಯೋಜನೆ ತಂದು, ನೌಕರರ ತರಬೇತಿಯೂ ಸೇರಿದಂತೆ ಆರು ಬಗೆಯ ಖರ್ಚಿಗೆ ನಾಲ್ಕು ಪಟ್ಟು ಕಡಿತ ಕೊಟ್ಟಿತು. ಬೇಕಾದವರು ನಗದಾಗಿಯೂ ಪಡೆಯಬಹುದಿತ್ತು. ಸುಳ್ಳು ಬಿಲ್ಲುಗಳ ಮೊಕದ್ದಮೆಗಳೇ ಸಾಲಾಗಿ ಬಂದವು. 2018ರ ತೆರಿಗೆ ವರ್ಷಕ್ಕೆ ಯೋಜನೆ ಮುಗಿಯಿತು.

ತಲೆ ಎಣಿಸುವುದು ಸುಲಭವೇನೋ ಹೌದು, ಅದರಿಂದ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅನುಭವ ಇದೆ. ಅಲ್ಲಿ 1978ರಿಂದ 1994ರವರೆಗೆ, ಕೆಲಸ ಸಿಗುವುದು ಕಷ್ಟವಾದ ವರ್ಗದವರನ್ನು ಸೇರಿಸಿಕೊಂಡ ಮಾಲೀಕರಿಗೆ ತೆರಿಗೆ ಜಮೆ ಕೊಡುವ ಯೋಜನೆ ಇತ್ತು. 1994ರಲ್ಲಿ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಅದನ್ನು ಜಾಲಾಡಿತು. ಹಾಗೆ ಸೇರಿದವರಲ್ಲಿ 92 ಪ್ರತಿಶತ ಜನರನ್ನು ರಿಯಾಯಿತಿ ಇಲ್ಲದಿದ್ದರೂ ಮಾಲೀಕರು ಸೇರಿಸಿಕೊಳ್ಳುತ್ತಿದ್ದರು ಎಂದು ವರದಿ ಹೇಳಿತು. 1996ರಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂತು, 2025ರ ಡಿಸೆಂಬರ್‌ವರೆಗೆ ಅದಕ್ಕೆ ಮಂಜೂರಾತಿ ಇತ್ತು. ಮಾಜಿ ಸೈನಿಕರು, ಜೈಲಿನಿಂದ ಬಿಡುಗಡೆಯಾದವರು, ಆಹಾರ ಸಹಾಯ ಪಡೆಯುವ ಕುಟುಂಬದವರು ಇಂಥವರನ್ನು ಸೇರಿಸಿಕೊಂಡು 400 ಗಂಟೆ ಕೆಲಸ ಮಾಡಿಸಿದರೆ ಮೊದಲ 6,000 ಡಾಲರ್ ಕೂಲಿಯ 40 ಪ್ರತಿಶತ, ಅಂದರೆ ಸಾಮಾನ್ಯವಾಗಿ 2,400 ಡಾಲರ್, ತೆರಿಗೆಯಲ್ಲೇ ಕಡಿತ. 400 ಗಂಟೆ ಎಂದರೆ ಹತ್ತು ವಾರ. ಹನ್ನೊಂದನೇ ವಾರದಿಂದ ಆ ಮನುಷ್ಯ ಏನಾದ ಎಂದು ಅಲ್ಲೂ ಕೇಳುವವರಿರಲಿಲ್ಲ.

ಅಲ್ಲಿಯ ಕೆಲವರಿಗೆ ಈ ಕೊರತೆ ಕಂಡಿತ್ತು. 2017ರಲ್ಲಿ ಸೆನೆಟರ್ ಮಾರ್ಕ್ ವಾರ್ನರ್ ಮತ್ತು ಸಂಗಡಿಗರು ಮಂಡಿಸಿದ ಮಸೂದೆಯಲ್ಲಿ, ದೊಡ್ಡ ಸಂಬಳದವರನ್ನು ಬಿಟ್ಟು ಉಳಿದ ನೌಕರರ ತರಬೇತಿಗೆ ಮಾಲೀಕರು ಹಿಂದಿನ ಮೂರು ವರ್ಷದ ಸರಾಸರಿಗಿಂತ ಎಷ್ಟು ಹೆಚ್ಚು ಖರ್ಚು ಮಾಡಿದರೋ ಅದರ 20 ಪ್ರತಿಶತ ತೆರಿಗೆ ಜಮೆ ಎಂದಿತ್ತು. ಹೇಗೂ ಮಾಡುತ್ತಿದ್ದ ಖರ್ಚಿಗೆ ಕಾಸಿಲ್ಲ, ಹೆಚ್ಚು ಮಾಡಿದ್ದಕ್ಕೆ ಮಾತ್ರ. ಇಂಥ ಮಸೂದೆಗಳಲ್ಲಿ ನನಗೆ ಮೆಚ್ಚುಗೆಯಾದ ಯೋಚನೆ ಇದು. ಕಾಯ್ದೆಯಾಗಲಿಲ್ಲ.

ನಿಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರ ಬರುವುದು ಸಿಂಗಪುರದ ಎರಡನೇ ಪ್ರಯತ್ನ. ಅಲ್ಲಿ ಕಸ ಗುಡಿಸುವ, ಕಾವಲು ಕಾಯುವ, ತೋಟ ನೋಡಿಕೊಳ್ಳುವ ಕೆಲಸಗಳಿಗೆ ಒಂದೊಂದು ಏಣಿ ಮಾಡಿದರು. ಸ್ವಚ್ಛತಾ ಕೆಲಸದಲ್ಲಿ ಸಾಮಾನ್ಯ ಕೆಲಸಗಾರ, ಹಲವು ಕೆಲಸ ಬಲ್ಲವನು, ಮೇಲ್ವಿಚಾರಕ ಹೀಗೆ. ಪ್ರತಿ ಮೆಟ್ಟಿಲಿಗೂ ಬೇಕಾದ ತರಬೇತಿ ಇಷ್ಟು, ಕನಿಷ್ಠ ಸಂಬಳ ಇಷ್ಟು ಎಂದು ನಿಗದಿ. 2014ರಿಂದ ಈ ಏಣಿಯನ್ನು ಪಾಲಿಸದ ಸ್ವಚ್ಛತಾ ಕಂಪನಿಗೆ ಲೈಸೆನ್ಸೇ ಇಲ್ಲ. ಏಣಿ ಹತ್ತಿಸುವ ಖರ್ಚು ಮಾಲೀಕರ ಮೇಲೆ ಒಮ್ಮೆಲೇ ಬೀಳಬಾರದೆಂದು 2022ರ ಬಜೆಟ್‌ನಲ್ಲಿ, ಕಡಿಮೆ ಸಂಬಳದವರಿಗೆ ಕೊಟ್ಟ ಏರಿಕೆಯಲ್ಲಿ ಸರ್ಕಾರವೂ ಪಾಲು ಹಾಕುವುದಾಗಿ ಘೋಷಿಸಿದರು. 2022, 2023ರಲ್ಲಿ ಏರಿಕೆಯ 75 ಪ್ರತಿಶತವನ್ನು ಸರ್ಕಾರ ಕೊಟ್ಟಿತು. ಆಮೇಲೆ ಪಾಲು ಇಳಿಯುತ್ತ 2024ರಲ್ಲಿ 50, 2025ರಲ್ಲಿ 40, 2026ಕ್ಕೆ 20 ಪ್ರತಿಶತ. ತಿಂಗಳಿಗೆ ಸರಾಸರಿ ನೂರು ಸಿಂಗಪುರ ಡಾಲರ್ ಆದರೂ ಏರಿಸಿರಬೇಕು. ಏರಿಸಿದ ಸಂಬಳವನ್ನು ಮರುವರ್ಷವೂ ಉಳಿಸಿಕೊಂಡರೆ ಎರಡನೇ ವರ್ಷವೂ ಪಾಲು ಸಿಗುತ್ತದೆ. ಹುದ್ದೆಯ ಹೆಸರೇನು, ಎಷ್ಟು ಗಂಟೆ ಕ್ಲಾಸು ನಡೆಯಿತು ಎಂದು ಈ ಹಣ ಕೊಡುವಾಗ ಕೇಳುವುದಿಲ್ಲ. ಸಂಬಳದ ಚೀಟಿಯಲ್ಲಿ ಏರಿತೋ, ಏರಿದ್ದು ನಿಂತಿತೋ, ಅಷ್ಟೇ.

ಸಂಬಳದ ಚೀಟಿಯನ್ನೇ ನೋಡಬೇಕು ಎಂದು ನಾನೂ ಹಟ ಹಿಡಿಯಲು ಬೆಂಗಳೂರಿನಲ್ಲೇ ನಡೆದ ಒಂದು ಅಧ್ಯಯನ ಕಾರಣ. ಅರ್ಥಶಾಸ್ತ್ರಜ್ಞರಾದ ಅಚ್ಯುತ ಅಧ್ವರ್ಯು, ನಮ್ರತಾ ಕಲಾ ಮತ್ತು ಅನಂತ್ ನೈಷಧಂ, ಶಾಹಿ ಎಕ್ಸ್‌ಪೋರ್ಟ್ಸ್‌ನ ಇಲ್ಲಿಯ ಐದು ಕಾರ್ಖಾನೆಗಳಲ್ಲಿ ಹೆಣ್ಣುಮಕ್ಕಳಿಗೆ ಕೊಟ್ಟ ತರಬೇತಿಯ ಫಲ ಅಳೆದರು. ಲಾಟರಿ ಎತ್ತಿ ಕೆಲವರಿಗೆ ತರಬೇತಿ, ಉಳಿದವರಿಗೆ ಇಲ್ಲ. ಹೊಲಿಗೆ ಕಲಿಸುವ ತರಬೇತಿಯಲ್ಲ: ಸೂಪರ್‌ವೈಸರ್ ಹತ್ತಿರ ಅಂಜದೆ ಮಾತಾಡುವುದು, ಸಮಯ ಹೊಂದಿಸಿಕೊಳ್ಳುವುದು, ಸಮಸ್ಯೆ ಬಂದಾಗ ಪಕ್ಕದವರ ಜೊತೆ ಸೇರಿ ಬಗೆಹರಿಸುವುದು, ಇಂಥವು. ಒಟ್ಟು 80 ಗಂಟೆಯಷ್ಟು. ತರಬೇತಿ ಪಡೆದವರ ಉತ್ಪಾದಕತೆ ಉಳಿದವರಿಗಿಂತ ಸುಮಾರು 13 ಪ್ರತಿಶತ ಮೇಲೆ ಹೋಯಿತು. ಅದೇ ಲೈನಿನಲ್ಲಿ ಕೂತು ತರಬೇತಿ ಪಡೆಯದವರಿಗೂ ಅದರ ಗಾಳಿ ತಾಗಿತು. ಒಂದು ರೂಪಾಯಿ ಹಾಕಿದ ಕಂಪನಿಗೆ ತರಬೇತಿ ಮುಗಿದು ವರ್ಷದೊಳಗೆ ಎರಡೂವರೆ ರೂಪಾಯಿಯಷ್ಟು ನಿವ್ವಳ ಲಾಭ. ಆ ಹೆಣ್ಣುಮಕ್ಕಳ ಸಂಬಳ ಎಷ್ಟು ಏರಿತು? ಅರ್ಧ ಪ್ರತಿಶತ.

ಈ ಅಂಕಿಗಳನ್ನು ಇಟ್ಟುಕೊಂಡು ನೋಡಿ. ಕಲಿಸಿದರೆ ಬಿಟ್ಟು ಹೋಗುತ್ತಾರೆ, ಅದಕ್ಕೇ ಮಾಲೀಕರು ಕಲಿಸುವುದಿಲ್ಲ, ಸರ್ಕಾರ ಕೈಹಿಡಿಯಬೇಕು ಎಂಬುದು ತರಬೇತಿ ರಿಯಾಯಿತಿಯ ಹಳೆಯ ಸಮರ್ಥನೆ. ಗ್ಯಾರಿ ಬೆಕರ್ 1964ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಶಾಸ್ತ್ರದ ರೂಪ ಕೊಟ್ಟರು: ಎಲ್ಲಿ ಬೇಕಾದರೂ ಬಳಸಬಹುದಾದ ವಿದ್ಯೆಗೆ ಮಾಲೀಕ ಖರ್ಚು ಮಾಡುವುದಿಲ್ಲ. ನಿಮ್ಮಂಥ ಚಿಕ್ಕವರು ಕಲಿಸಿದವರನ್ನು ಮುಖ್ಯರಸ್ತೆಯ ದೊಡ್ಡವರು ಎಳೆದುಕೊಳ್ಳುವುದನ್ನು ಪೀಣ್ಯದಲ್ಲಿ ಕಂಡವರು ಇದನ್ನು ಸುಳ್ಳೆನ್ನಲಾರರು. ಆದರೂ ಆ ಐದು ಕಾರ್ಖಾನೆಗಳಲ್ಲಿ ತರಬೇತಿ ತನ್ನ ಖರ್ಚನ್ನು ತಾನೇ ಹುಟ್ಟಿಸಿಕೊಂಡಿತು. ಅಂಥ ಕಡೆ ತರಬೇತಿಗೆ ತೆರಿಗೆಯ ದುಡ್ಡು ಕೊಟ್ಟರೆ ಅದು ಅಮೆರಿಕದ 92 ಪ್ರತಿಶತದ ಕಥೆಯೇ. ಕಲಿತದ್ದು ಕಲಿತವರ ಸಂಬಳಕ್ಕೆ ಬರಲಿಲ್ಲ, ಕೊರತೆ ಇರುವುದು ಅಲ್ಲಿ. ಸರ್ಕಾರ ಹಣ ಇಡುವುದಾದರೆ ಅಲ್ಲೇ ಇಡಬೇಕು.

ಬಡ್ತಿಗೆ ಇನ್ನೊಂದು ಅಡ್ಡಿ ಇದೆ. ಅದು ದುಡ್ಡಿನದಲ್ಲ. ಬಾಂಗ್ಲಾದೇಶದ ಗಾರ್ಮೆಂಟ್ಸ್‌ನಲ್ಲಿ ಒಂದು ಅಧ್ಯಯನ ನಡೆದಾಗ ಲೈನಿನ ಕೆಲಸಗಾರರಲ್ಲಿ 80 ಪ್ರತಿಶತದ ಹತ್ತಿರ ಹೆಂಗಸರು, ಸೂಪರ್‌ವೈಸರುಗಳಲ್ಲಿ 95 ಪ್ರತಿಶತ ಗಂಡಸರು. ಆಯ್ದ ಹೆಂಗಸರಿಗೆ ತರಬೇತಿ ಕೊಟ್ಟು ಸೂಪರ್‌ವೈಸರ್ ಜಾಗಕ್ಕೆ ತಂದರು. ಶುರುವಿನಲ್ಲಿ ಲೈನಿನವರೇ ಅವರನ್ನು ಕಡಿಮೆ ಎಂದು ತೂಗಿದರು. ಅವರ ಲೈನುಗಳು ಕೊಂಚ ಹಿಂದೆ ಬಿದ್ದ ಸೂಚನೆಯೂ ಇತ್ತು. ನಾಲ್ಕು ತಿಂಗಳ ಹೊತ್ತಿಗೆ ಎರಡರಲ್ಲೂ ಗಂಡಸರಿಗೆ ಸರಿಸಮ. ಆ ನಾಲ್ಕು ತಿಂಗಳಲ್ಲೇ ‘ಇವಳಿಂದ ಆಗಲ್ಲ, ವಾಪಸ್ ಮೆಷಿನ್ನಿಗೆ ಕೂರಿಸಿ’ ಎಂದು ಫ್ಲೋರ್ ಇನ್‌ಚಾರ್ಜ್ ಹೇಳಿಬಿಡುತ್ತಾನೆ. ಗಂಟೆಗೊಮ್ಮೆ ಬೋರ್ಡಿನ ಮೇಲೆ ಪೀಸಿನ ಲೆಕ್ಕ ಬರೆಯುವ ಕಡೆ ನಾಲ್ಕು ತಿಂಗಳು ಕಾಯುವುದು ಸಣ್ಣ ಮಾತಲ್ಲ. ನಿಮ್ಮ ಆಸೆ ಗಟ್ಟಿಯಾಗಿದ್ದರೆ ಆ ನಾಲ್ಕು ತಿಂಗಳ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಾಕಿಕೊಳ್ಳಿ. ಅದಕ್ಕೆ ಯಾವ ದೇಶದ ತೆರಿಗೆ ಇಲಾಖೆಯೂ ಪರಿಹಾರ ಕೊಡುವುದಿಲ್ಲ.

ನಮ್ಮಲ್ಲಿ ಬಡ್ತಿಗೊಂದು ರಿಯಾಯಿತಿ ಬರೆಯುವುದಾದರೆ ಹೇಗಿರಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದೇ ಕಂಪನಿಯಲ್ಲಿ ಎರಡು ವರ್ಷ ಪಿ.ಎಫ್. ಕಟ್ಟಿದ ನೌಕರರು, ಸಂಬಳ ಒಂದು ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಏರಿರಬೇಕು, ಒಂದು ವರ್ಷದ ಮೇಲೂ ಅವರು ಅಲ್ಲೇ, ಏರಿದ ಸಂಬಳದಲ್ಲೇ ಇರಬೇಕು. ಪಿ.ಎಫ್. ಕಚೇರಿಗೆ ಪ್ರತಿ ತಿಂಗಳು ಹೋಗುವ ಇ.ಸಿ.ಆರ್. ಕಡತದಲ್ಲಿ ಒಟ್ಟು ವೇತನದ ಕಾಲಂ ಈಗಲೇ ಇದೆ. ಪ್ರಮಾಣಪತ್ರ, ಫೋಟೋ, ಬ್ಯಾನರ್ ಯಾವುದೂ ಬೇಡ. ಮೊದಲು ಸಂಬಳ ಇಳಿಸಿ ಆಮೇಲೆ ಏರಿಸುವ ಚಮತ್ಕಾರಕ್ಕೂ ಎರಡು ವರ್ಷದ ದಾಖಲೆ ಅಡ್ಡ ಬರುತ್ತದೆ. ಇದನ್ನು ಆದಾಯ ತೆರಿಗೆಯಲ್ಲಿ ಕೊಡುವುದಕ್ಕಿಂತ ಮಾಲೀಕರು ಕಟ್ಟಬೇಕಾದ ಪಿ.ಎಫ್. ಪಾಲಿನಲ್ಲೇ ಹೊಂದಿಸಿದರೆ ಲಾಭ ಕಾಣದ ಚಿಕ್ಕವರಿಗೂ ತಲುಪುತ್ತದೆ. 25,000ದ ಗೆರೆಯನ್ನೂ ಮುಟ್ಟಬೇಕು. 2016ರಲ್ಲಿ ಎಳೆದದ್ದು, ಇನ್ನೂ ಅಲ್ಲೇ ಇದೆ.

ಕೊನೆಯದಾಗಿ, ನೀವು ಕೇಳದೆ ಬಿಟ್ಟ, ಆದರೆ ಬಡ್ತಿ ಕೊಡುವ ದಿನ ನಿಮ್ಮ ಮುಂದೆ ಬಂದು ನಿಲ್ಲುವ ಒಂದು ವಿಷಯ. ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಲು ಒಪ್ಪದ ಟೈಲರ್ ಒಬ್ಬರನ್ನು ಯಾಕೆಂದು ಕೇಳಿದ್ದೆ. ‘ಸಂಬಳ ಇಪ್ಪತ್ತೊಂದು ಸಾವಿರ ದಾಟಿದ್ರೆ ಇ.ಎಸ್.ಐ. ಹೋಗತ್ತೆ ಸಾರ್. ನಮ್ಮಮ್ಮಂಗೆ ವಾರಕ್ಕೆರಡು ಸಲ ಡಯಾಲಿಸಿಸ್. ಎರಡು ಸಾವಿರ ಜಾಸ್ತಿ ತಗೊಂಡು ಏನ್ ಮಾಡ್ಲಿ?’ ಎಂದರು. ಅವರ ಲೆಕ್ಕ ಸರಿ. 2017ರ ಜನವರಿಯಿಂದ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಸಂಬಳದ ಮಿತಿ 21,000 ರೂಪಾಯಿ. ನಿಮ್ಮ ಟೈಲರಿಗೆ 22,000 ಕೊಟ್ಟ ದಿನ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಬಾಗಿಲು ಅವರಿಗೆ ಮುಚ್ಚುವ ದಾರಿ ತೆರೆಯಿತು.

ಇದಕ್ಕೆ ನಿಯಮದಲ್ಲೇ ಸ್ವಲ್ಪ ಉಸಿರು ಇದೆ. ಇ.ಎಸ್.ಐ. ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿ ಶುರುವಾದ ಮೇಲೆ ಸಂಬಳ ಮಿತಿ ದಾಟಿದರೆ ಆ ಅವಧಿ ಮುಗಿಯುವತನಕ ಸದಸ್ಯತ್ವ ಮುಂದುವರಿಯುತ್ತದೆ. ಎಲ್ಲರೂ ಏರಿಕೆ ಕೊಡುವುದು ಏಪ್ರಿಲ್ 1ರಿಂದ. ಅವಧಿಯ ಮೊದಲ ದಿನವೇ ಮಿತಿ ದಾಟಿದಂತಾಗಿ ಆ ಅವಧಿ ಅವರಿಗೆ ಸಿಗುವುದೇ ಇಲ್ಲ. ಅದೇ ಬಡ್ತಿಯನ್ನು ಮೇ 1ರಿಂದ ಕೊಟ್ಟರೆ ಸೆಪ್ಟೆಂಬರ್ ಕೊನೆಯವರೆಗೆ ವಂತಿಗೆ ಹೋಗುತ್ತದೆ, ಅದರ ಮೇಲಿನ ಸೌಲಭ್ಯದ ಅವಧಿ ಮುಂದಿನ ವರ್ಷದ ಜೂನ್‌ವರೆಗೆ ಇರುತ್ತದೆ. ಅಷ್ಟರೊಳಗೆ ತಂದೆತಾಯಿಯನ್ನೂ ಸೇರಿಸಿದ ಗುಂಪು ಆರೋಗ್ಯ ವಿಮೆಯೊಂದನ್ನು ನೋಡಿ. ಇ.ಎಸ್.ಐ.ಗೆ ನೀವು ಕಟ್ಟುತ್ತಿದ್ದ 3.25 ಪ್ರತಿಶತ ಉಳಿಯುತ್ತದಲ್ಲ, ಅದನ್ನು ಇತ್ತ ಹಾಕಿ. ನೌಕರರ ಆರೋಗ್ಯ ವಿಮೆಯ ಕಂತನ್ನು ನಗದಲ್ಲಿ ಕಟ್ಟದೆ ಬ್ಯಾಂಕಿನ ಮೂಲಕ ಕಟ್ಟಿದರೆ ವ್ಯಾಪಾರದ ಖರ್ಚೆಂದು ಪೂರ್ತಿ ಕಳೆಯಬಹುದು. ಡಯಾಲಿಸಿಸ್‌ನಂಥ ಹಳೆಯ ಕಾಯಿಲೆಗೆ ಮೊದಲ ದಿನದಿಂದಲೇ ರಕ್ಷಣೆ ಇದೆಯೇ ಎಂಬುದನ್ನು ಪಾಲಿಸಿಯಲ್ಲಿ ಬರೆಸಿಕೊಂಡೇ ಸಹಿ ಹಾಕಿ. ಏಜೆಂಟರ ಬಾಯಿಮಾತು ಸಾಲದು.